ಹಾಂಕಾಂಗಿನಿಂದ ಆರಿಸಿದ ವೈಫೈ

ಪೂರ್ವ ಜಾವಾದ ಕೆಡುಂಗ್ಸೊನೊ ಎಂಬ ಊರಿನ ಪನಿಯೆಮಜ್ಜಿಯ ಮನೆಯ ವೈಫೈ ಎಷ್ಟು ಜೋರಾಗಿತ್ತೆಂದರೆ, ಆ ಪೆಟ್ಟಿಗೆಯ ಕೆಳಗೆ ಕಾವು ಕೂತ ಕೋಳಿಯ ಮರಿಗಳು ಮೊಟ್ಟೆಯೊಡೆದ ದಿನವೇ ಹಾಂಕಾಂಗಿನ ಹವಾಮಾನ ಹೇಳುತ್ತಿದ್ದವು. ನಂಬದವರು ಊರಿಗೆ ಬಂದು ವಿಚಾರಿಸಬಹುದು. ಮರಿಗಳು ಈಗ ಉಳಿದಿಲ್ಲ, ಹಬ್ಬಕ್ಕೆ ಸಾರಾದವು. ಆದರೆ ಸಾರು ಕುಡಿದವರೆಲ್ಲ ಗಟ್ಟಿಮುಟ್ಟಾಗಿದ್ದಾರೆ.

ಊರು ತೇಗದ ಗುಡ್ಡಗಳ ನಡುವೆ ಬಟ್ಟಲಿನ ತಳದಲ್ಲಿ ಕೂತಂತಿದೆ. ಮೊಬೈಲ್ ಸಿಗ್ನಲ್ ಗುಡ್ಡದ ನೆತ್ತಿಯವರೆಗೆ ಬಂದು, ಕೆಳಗೆ ಇಣುಕಿ, ಇಲ್ಲಿ ತನಗೇನು ಕೆಲಸವೆಂದು ವಾಪಸು ಹೋಗುತ್ತದೆ. ಹಾಗಾಗಿ ಪನಿಯೆಮಜ್ಜಿಯ ಮನೆಗೆ ತಂತಿಯಲ್ಲಿ ಬಂದ ಇಂಟರ್ನೆಟ್ಟೇ ಓಣಿಯ ಉಸಿರು. ಅದನ್ನು ಹಾಕಿಸಿದವಳು ಅಜ್ಜಿಯ ಮಗಳು ವಿನಾರ್ಸಿ. ಆಕೆ ಹಾಂಕಾಂಗಿನಲ್ಲಿ ಇನ್ನೊಬ್ಬರ ಮನೆ ನೋಡಿಕೊಂಡು ಇಲ್ಲಿನ ಮನೆ ಕಟ್ಟಿಸಿದಳು. ಮೊದಲು ನೆಲಕ್ಕೆ ಹೊಳೆಯುವ ಹಾಸು ಬಂತು, ಆಮೇಲೆ ಗುಲಾಬಿ ಬಣ್ಣದ ಕಂಬಗಳು, ಕೊನೆಗೆ ಗೋಡೆಯ ಮೇಲೆ ಹಸಿರು ದೀಪ ಮಿಟುಕಿಸುವ ಆ ಪುಟ್ಟ ಪೆಟ್ಟಿಗೆ. ಅಜ್ಜಿ ಅದರ ಪಾಸ್‌ವರ್ಡನ್ನು ಕೇಳಿದವರಿಗೆಲ್ಲ ಹೇಳಿಬಿಟ್ಟಳು. "ಬಾವಿಯಲ್ಲಿ ನೀರಿಟ್ಕೊಂಡು ಬಾಯಾರಿದವರಿಗೆ ಇಲ್ಲ ಅನ್ನೋಕಾಗುತ್ತಾ?" ಎನ್ನುವುದು ಅವಳ ನ್ಯಾಯ. ಸಂಜೆಯಾದರೆ ಅವಳ ಜಗಲಿಯ ಮೇಲೆ ಕೂರಲು ಜಾಗ ಸಿಗುತ್ತಿರಲಿಲ್ಲ. ಗುಡ್ಡದಾಚೆಯ ಜಿಲ್ಲೆಯಿಂದ ಜನ ಬಸ್ಸು ಮಾಡಿಕೊಂಡು ಬರುತ್ತಿದ್ದರು ಎಂದರೆ ಹೆಚ್ಚಾಯಿತು. ಅರ್ಧ ಜಿಲ್ಲೆ ಎಂದಿಟ್ಟುಕೊಳ್ಳಿ.

ಪಕ್ಕದ ಮನೆಯವನು ಮುಜಿಯೊನೊ. ಆತನ ವಿವೇಕಕ್ಕೂ ಮೀಸೆಗೂ ಪೂರ್ವ ಜಾವಾದಲ್ಲಿ ಸಾಟಿಯಿರಲಿಲ್ಲ. ಹಾಡುಹಕ್ಕಿ ಸಾಕುವುದು ಆತನ ಕಸುಬು. ಹಾಡಿನ ಪಂದ್ಯದಲ್ಲಿ ಗೆದ್ದ ಹಕ್ಕಿಗಳ ದನಿಯನ್ನು ನೆಟ್ಟಿನಿಂದ ಫೋನಿನಲ್ಲಿ ಹಚ್ಚಿ, ತನ್ನ ಹಕ್ಕಿಯ ಪಂಜರದ ಪಕ್ಕ ಅಜ್ಜಿಯ ಜಗಲಿಯಲ್ಲೇ ಇಟ್ಟು ಕಲಿಸುತ್ತಿದ್ದ. ಆ ಹಕ್ಕಿ ಒಮ್ಮೆ ಕೂಗಿದರೆ ಗದ್ದೆಯಲ್ಲಿ ಬತ್ತ ಅಲ್ಲೇ ಹಣ್ಣಾಗುತ್ತಿತ್ತು.

ಇಂಥ ಮನೆಯಲ್ಲಿ ಬೆಳೆಯುತ್ತಿದ್ದವನು ವಿನಾರ್ಸಿಯ ಮಗ ರೆಸ್ತು, ಒಂಬತ್ತು ವರ್ಷದವನು. ಅಪ್ಪ ಕಲಿಮಂತಾನಿನ ತಾಳೆತೋಟಕ್ಕೆ ದುಡಿಯಲು ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದ. ತಾಯಿ ಹೋದಾಗ ರೆಸ್ತುವಿಗೆ ನಾಲ್ಕು ವರ್ಷ. ಅಂದಿನಿಂದ ಅವನು ನಮ್ಮೂರಿನ ಒಂದು ಹಳೆಯ ಪದ್ಧತಿಯ ಪಾಲಿಗೆ ಬಿದ್ದ.

ಆ ಪದ್ಧತಿಯನ್ನು ಯಾರೂ ಬರೆದಿಟ್ಟಿಲ್ಲ, ಮಸೀದಿಯಲ್ಲಿ ಯಾರೂ ಬೋಧಿಸಿಲ್ಲ. ನಮ್ಮ ಅರ್ಧ ಮನೆಗಳ ತಾಯಂದಿರು ಹಾಂಕಾಂಗ್, ತೈವಾನ್, ಮಲೇಶಿಯಾಗಳಲ್ಲಿ ದುಡಿಯುತ್ತಾರೆ. ತಾಯಿ ದೂರವಿರುವ ಮಗುವಿಗೆ ಇಲ್ಲ ಎನ್ನಬಾರದು. ಇದೇ ಆ ಪದ್ಧತಿ. ಅಂಗಡಿಯವಳು ಅವನ ಕೈಗೆ ಐಸ್ ಕೊಟ್ಟು ಕೆನ್ನೆ ಸವರುತ್ತಾಳೆ. ಪಾಠ ಬರೆಯದೆ ಬಂದರೆ ಮೇಷ್ಟರು ನಿಟ್ಟುಸಿರಿಟ್ಟು ಸುಮ್ಮನಾಗುತ್ತಾರೆ. "ಪಾಪ, ತಾಯಿ ಹತ್ರ ಇಲ್ಲ" ಎಂಬ ಒಂದು ಮಾತಿಗೆ ಊರಿನ ಬಾಗಿಲೆಲ್ಲ ತೆರೆದುಕೊಳ್ಳುತ್ತದೆ. ಮೇಲಿನಿಂದ ನೋಡಿದರೆ ಎಂಥ ಕರುಣೆ. ಒಳಗೆ ಏನಾಗುತ್ತಿತ್ತೆಂದು ಪನಿಯೆಮಜ್ಜಿಗೆ ಮಾತ್ರ ದಿನಾ ಕಾಣುತ್ತಿತ್ತು, ಅವಳೂ ಕಂಡದ್ದನ್ನು ಕಾಣದಂತಿದ್ದಳು.

ತಾಯಿ ಕಳಿಸಿದ ಟ್ಯಾಬ್ಲೆಟ್ಟನ್ನು ರೆಸ್ತು ಎದ್ದಾಗ ಹಿಡಿದರೆ ಕಣ್ಣು ತಾನಾಗಿ ಮುಚ್ಚಿದಾಗ ಬಿಡುತ್ತಿದ್ದ. ಅದರಲ್ಲಿ ಅವನದೊಂದು ಯುದ್ಧದಾಟ. ಅಜ್ಜಿ ತಟ್ಟೆ ಹಿಡಿದು ಅವನ ಹಿಂದೆ ಹಿಂದೆ ತಿರುಗುತ್ತಿದ್ದಳು. ಅವನು ಮಂಚದ ಮೇಲಿದ್ದರೆ ಮಂಚದ ಬಳಿ, ಜಗಲಿಯಲ್ಲಿದ್ದರೆ ಜಗಲಿಯಲ್ಲಿ.

"ಬಾಯಿ ತೆಗಿ ಬಂಗಾರ."

ಅವನ ಬಾಯಿ ತೆರೆಯುತ್ತಿತ್ತು, ಕಣ್ಣು ಪರದೆ ಬಿಟ್ಟು ಅಲುಗುತ್ತಿರಲಿಲ್ಲ.

"ಇನ್ನೊಂದು ತುತ್ತು. ಅಗಿಯೋ, ನುಂಗೋ."

"ಹೂಂ."

"ಹೊತ್ತು ಮುಳುಗಿ ಮಗ್ರಿಬ್ ನಮಾಜ್ ಆಯ್ತು, ಎಲ್ಲ ಮಕ್ಕಳೂ ಕುರಾನ್ ಓದೋಕೆ ಮಸೀದಿಗೆ ಹೋದ್ವು. ನೀನೂ ಹೋಗಿ ಬರ್ತೀಯಾ?"

"ಈ ಒಂದು ಆಟ ಮುಗೀಲಿ ಅಜ್ಜಿ."

ಆ ಒಂದು ಆಟ ಮುಗಿದದ್ದನ್ನು ಕಂಡವರಿಲ್ಲ. ಶಾಲೆಯಲ್ಲಿ ಅವನು ಬೆಂಚಿನ ಮೇಲೆ ತಲೆಯಿಟ್ಟು ನಿದ್ದೆ ಹೋಗುತ್ತಿದ್ದ. ಅವನ ಗೊರಕೆಗೆ ಕರಿಹಲಗೆಯ ಮೇಲಿನ ಸೀಮೆಸುಣ್ಣದ ಅಕ್ಷರಗಳು ಉದುರುತ್ತಿದ್ದವು ಎಂದು ಹೇಳುವವರಿದ್ದಾರೆ. ಅವನ ಕಣ್ಣಿನ ಕೆಳಗಿನ ಕಪ್ಪು ಮಾತ್ರ ಯಾರೂ ಉತ್ಪ್ರೇಕ್ಷೆ ಮಾಡಬೇಕಾಗಿರದಷ್ಟು ಕಪ್ಪಾಗಿತ್ತು.

ವಿನಾರ್ಸಿ ತನ್ನ ಯಜಮಾನರ ಮನೆಯ ಪಾತ್ರೆ ತೊಳೆದು ಕೈ ಒರೆಸಿಕೊಳ್ಳುವಾಗ ಇಲ್ಲಿ ಊಟದ ಹೊತ್ತು. ದಿನವೂ ಆಗಲೇ ಕರೆ ಮಾಡುತ್ತಿದ್ದಳು. ರೆಸ್ತು ಆಟ ನಿಲ್ಲಿಸುತ್ತಿರಲಿಲ್ಲ. ತಾಯಿಯ ಮುಖವನ್ನು ಪರದೆಯ ಮೂಲೆಗೆ ತಳ್ಳಿ, ಅಂಚೆಚೀಟಿಯಷ್ಟು ಮಾಡಿ, ಉಳಿದ ಜಾಗದಲ್ಲಿ ಗುಂಡು ಹಾರಿಸುತ್ತಿದ್ದ.

"ಊಟ ಆಯ್ತಾ ಕಂದ?"

"ಹೂಂ."

"ಏನು ಊಟ?"

"ಹೂಂ."

ಒಂದು ಸಂಜೆ ಅವನ ಶತ್ರು ಬಂದು ನೇರವಾಗಿ ತಾಯಿಯ ಮುಖದ ಹಿಂದೆ ಅಡಗಿಕೊಂಡ. ರೆಸ್ತು ಹೆಬ್ಬೆರಳಿನಿಂದ ತಾಯಿಯನ್ನು ಪರದೆಯಿಂದಾಚೆ ಸರಿಸಿಬಿಟ್ಟ. ನೊಣ ಓಡಿಸುವವನಂತೆ. ಶತ್ರು ಸತ್ತ. ಕರೆಯೂ ಕಡಿಯಿತು.

ಪಕ್ಕದಲ್ಲೇ ತುತ್ತು ಹಿಡಿದು ಕೂತಿದ್ದ ಅಜ್ಜಿಯ ಕೈ ಅಲ್ಲೇ ನಿಂತಿತು. ಅವಳ ಫೋನು ಗುನುಗಿತು.

"ನೆಟ್ ಕಡಿದೋಯ್ತು ಮಗಳೇ," ಎಂದಳು ಅಜ್ಜಿ. "ಮೋಡ ಆಗಿದೆ ಇಲ್ಲಿ."



"ಅಮ್ಮಾ, ನೆಟ್ ಕಡೀಲಿಲ್ಲ. ಅವನ ಹೆಬ್ಬೆರಳು ನನ್ನ ಕಡೆ ಬರೋದು ನನಗೆ ಕಾಣಿಸ್ತು."

ವಿನಾರ್ಸಿ ಎಂಥ ಹೆಂಗಸೆಂದು ಇಲ್ಲಿ ಹೇಳಬೇಕು. ಎತ್ತರದಲ್ಲಿ ಅವಳು ಬಾಗಿಲ ಚೌಕಟ್ಟಿಗಿಂತ ಗೇಣು ಕಡಿಮೆ, ಧೈರ್ಯದಲ್ಲಿ ಗುಡ್ಡಕ್ಕಿಂತ ಗೇಣು ಹೆಚ್ಚು. ಅವಳು ಅತ್ತರೆ ಹಾಂಕಾಂಗಿನ ಬಂದರಿನಲ್ಲಿ ಹಡಗು ಒಂದಡಿ ಮೇಲೇಳುತ್ತಿತ್ತು. ಆದರೆ ಆ ಸಂಜೆ ಅವಳು ಅಳಲಿಲ್ಲ. ಆ ಪುಟ್ಟ ಪೆಟ್ಟಿಗೆಯ ಕೀಲಿ ಅವಳ ಫೋನಿನಲ್ಲಿತ್ತು. ಯಾವ ಫೋನಿಗೆ ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ನೆಟ್ ಬಿಡಬೇಕು ಎಂದು ಸಮುದ್ರದಾಚೆ ಕೂತೇ ಅವಳು ಗೊತ್ತುಮಾಡಬಹುದಿತ್ತು. ಮರುದಿನ ಮಗ್ರಿಬಿನ ಬಾಂಗ್ ಕೂಗುತ್ತಿದ್ದಂತೆ ರೆಸ್ತುವಿನ ಟ್ಯಾಬ್ಲೆಟ್ಟಿನಲ್ಲಿ ಯುದ್ಧ ನಿಂತಿತು. ಇನ್ನು ಬೆಳಗಾಗುವವರೆಗೆ ಅದಕ್ಕೆ ನೆಟ್ ಇಲ್ಲ.

ರೆಸ್ತು ಹೊಳೆಯುವ ಹಾಸಿನ ಮೇಲೆ ಉರುಳಾಡಿದ. ಅವನ ಅಳುವಿಗೆ ಗುಡ್ಡದ ತೇಗಗಳು ಬೇಸಿಗೆಗೆ ಮುನ್ನವೇ ಎಲೆ ಉದುರಿಸಿದವು. ಅಜ್ಜಿಗೆ ತಡೆಯಲಾಗಲಿಲ್ಲ.

"ತಗೋ, ನನ್ನ ಫೋನ್ ತಗೋ. ನಿಮ್ಮಮ್ಮಂಗೆ ಹೇಳ್ಬೇಡ."

ಮರುದಿನ ಅಜ್ಜಿಯ ಫೋನಿಗೂ ಸಂಜೆಯ ನೆಟ್ ನಿಂತಿತು. ಆಗ ಜಗಲಿಯ ಮೇಲಿದ್ದವರು ಒಬ್ಬರಾದ ಮೇಲೊಬ್ಬರು ಅವನಿಗೆ ತಮ್ಮ ಫೋನು ಕೊಟ್ಟರು, ಪಾಪ ಎನ್ನುತ್ತ. ವಿನಾರ್ಸಿ ಒಂದೊಂದನ್ನೇ ಮುಚ್ಚಿದಳು. ಊರು ತೆರೆಯುತ್ತ ಹೋಯಿತು, ಅವಳು ಮುಚ್ಚುತ್ತ ಹೋದಳು. ಕೊನೆಗೊಂದು ಸಂಜೆ ಬಾಂಗಿನೊಡನೆ ಇಡೀ ಮನೆಯ ವೈಫೈಯೇ ಆರಿತು. ಜಗಲಿಯ ಜನವೆಲ್ಲ ಒಮ್ಮೆಲೇ ತಲೆಯೆತ್ತಿದರು. ಎಷ್ಟೋ ವರ್ಷಗಳ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕೆಲವರು ತಮ್ಮ ಸ್ವಂತ ತಮ್ಮಂದಿರಿಗೆ "ನೀವು ಯಾವೂರು?" ಎಂದು ಕೇಳಿದರು.

ಹೀಗೆ ಮುಚ್ಚಿದಾಗ ವಿನಾರ್ಸಿ ತನ್ನ ಬಾಗಿಲನ್ನೂ ಮುಚ್ಚಿಕೊಂಡಿದ್ದಳು. ಅವಳಿಗೆ ಬಿಡುವಾಗುವುದು ಸಂಜೆ ದಾಟಿದ ಮೇಲೆ, ನೆಟ್ ಇಲ್ಲದ ಮನೆಗೆ ಕರೆ ಬರುವುದಿಲ್ಲ. ಇನ್ನು ಕರೆ ಮಾಡಲು ಅವಳಿಗೆ ಉಳಿದದ್ದು ರಜೆಯ ಭಾನುವಾರ ಒಂದೇ ದಿನ, ಹಗಲು. ಇದು ಪನಿಯೆಮಜ್ಜಿಗೆ ಹೊಳೆದದ್ದು ಆ ಸಂಜೆ ಫೋನು ಗುನುಗದೆ ಹೋದಾಗ. ಅವಳಿಗೆ ಮಗಳ ಮೇಲೆ ಕೋಪ ಬಂತು. ಮೊದಲೇ ಮಗುವಿಗೆ ತಾಯಿ ಅಂಚೆಚೀಟಿಯಷ್ಟು. ಅದನ್ನೂ ಹರಿದು ಬಿಸಾಡಿದರೆ ಅವನು ಅವಳನ್ನು ಮರೆಯದೆ ಇನ್ನೇನು ಮಾಡುತ್ತಾನೆ?

ಮರುದಿನ ಬಾಂಗಿನೊಡನೆ ನೆಟ್ ನಿಂತಾಗ ರೆಸ್ತು ಮನೆಯಲ್ಲಿರಲಿಲ್ಲ.

ಅಜ್ಜಿ ಬಾವಿಯ ಬಳಿ ನೋಡಿದಳು, ಅಂಗಡಿಯಲ್ಲಿ ಕೇಳಿದಳು. ಸಿಮ್ ಹಾಕಿದ ಟ್ಯಾಬ್ಲೆಟ್ಟೂ ಇರಲಿಲ್ಲ. ಅವಳಿಗೆ ಸಿಗ್ನಲ್ ಬಂದು ನಿಲ್ಲುವ ಗುಡ್ಡದ ನೆತ್ತಿ ನೆನಪಾಯಿತು. ಮಂಡಿನೋವಿನ ಪನಿಯೆಮಜ್ಜಿ ಆ ಗುಡ್ಡವನ್ನು ಮೂರು ಹೆಜ್ಜೆಗೆ ಹತ್ತಿದಳು. ಮೇಲೆ ತೇಗದ ದಿಮ್ಮಿ ಹೊತ್ತ ಲಾರಿಗಳು ಓಡಾಡುವ ತಿರುವಿನಲ್ಲಿ, ರಸ್ತೆಯ ಅಂಚಿನಲ್ಲಿ ಅವನು ನಿಂತಿದ್ದ. ಟ್ಯಾಬ್ಲೆಟ್ಟನ್ನು ತಲೆಯ ಮೇಲೆತ್ತಿ ಪರದೆಯನ್ನೇ ನೋಡುತ್ತ ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಯುತ್ತಿದ್ದ. ಹಿಂದೆ ರಸ್ತೆ. ಲಾರಿ ಹಾರನ್ ಹೊಡೆಯುತ್ತ ತಿರುವಿಗೆ ಬಂತು, ಅವನಿಗೆ ಕೇಳಿಸಲಿಲ್ಲ. ಅಜ್ಜಿ ಅವನ ಅಂಗಿ ಹಿಡಿದು ಎಳೆದಳು. ಇಬ್ಬರೂ ಹುಲ್ಲಿನ ಮೇಲೆ ಬಿದ್ದರು. ಲಾರಿಯ ಗಾಳಿ ಅವರ ಮೇಲೆ ಹಾದುಹೋಯಿತು.

"ಕುರುಡಾಗಿದ್ದೀಯೇನೋ?" ಎಂದಳು ಅಜ್ಜಿ.

"ಎರಡು ಗೆರೆ ಸಿಗ್ನಲ್ ಬಂದಿತ್ತು," ಎಂದ ಅವನು. "ನೀನೇ ಹಾಳು ಮಾಡಿದೆ."

ಅಜ್ಜಿ ಅವನಿಗೆ ಹೊಡೆಯಲಿಲ್ಲ, ಮುದ್ದಿಸಲೂ ಇಲ್ಲ. ಕೈ ಹಿಡಿದು ಕೆಳಗೆ ನಡೆಸಿಕೊಂಡು ಬಂದಳು. ಮನೆಯಲ್ಲಿ ಪೆಟ್ಟಿಗೆಯ ದೀಪ ಆರಿತ್ತು. ಅವಳ ಮಂಡಿ ಊದಿತ್ತು, ತಟ್ಟೆ ಹಿಡಿದು ತಿರುಗುವ ಶಕ್ತಿ ಇರಲಿಲ್ಲ. ತಟ್ಟೆಯನ್ನು ಚಾಪೆಯ ಮೇಲಿಟ್ಟು ಕುಳಿತುಬಿಟ್ಟಳು. ಬಹಳ ಹೊತ್ತಿನ ಮೇಲೆ ಹಸಿವು ತಡೆಯದೆ ರೆಸ್ತು ತಾನೇ ಬಂದು ಕೂತ. ಅನ್ನ ಕಲಸಿದ. ಬಾಯಿಗಿಟ್ಟು ನಿಲ್ಲಿಸಿದ.

"ಅಜ್ಜಿ, ಏನಿದು?"

"ಹಲಸಿನ ಗುಜ್ಜೆ."

"ಹೊಸದಾ?"

"ನೀನು ಹಲ್ಲು ಬಂದಾಗಿಂದ ತಿಂತಿದ್ದೀಯ."

ಅವನು ಇನ್ನೊಂದು ತುತ್ತು ತಿಂದು ಯೋಚಿಸಿದ. "ಚೆನ್ನಾಗಿದೆ," ಎಂದ. ಆಮೇಲೆ ಕಣ್ಣು ಒದ್ದೆಯಾಯಿತು. "ಸಂಬಾಲ್ ಖಾರ ಅಜ್ಜಿ. ಯಾವಾಗ್ಲೂ ಇಷ್ಟು ಖಾರ ಹಾಕ್ತೀಯಾ?"

ಪನಿಯೆಮಜ್ಜಿ ಮುಖ ಆಚೆ ತಿರುಗಿಸಿದಳು. ಐದು ವರ್ಷ ಅವಳು ಯಾರಿಗೆ ಉಣಿಸುತ್ತಿದ್ದಳು?

ಭಾನುವಾರ ಹಗಲು ಓಣಿಯವರು ಚಾಪೆ ಹಾಸಿ ಸಭೆ ಸೇರಿದರು. ಸಿಹಿ ಚಹಾ, ಕರಿದ ಬಾಳೆಹಣ್ಣು. ಚಹಾದ ಕೂಜೆಗೆ ಒರಗಿಸಿಟ್ಟ ಫೋನಿನಲ್ಲಿ ವಿನಾರ್ಸಿ. ರಜೆಯ ದಿನ ಅವಳು ಗೆಳತಿಯರೊಂದಿಗೆ ಪಾರ್ಕಿನಲ್ಲಿ ರಟ್ಟು ಹಾಸಿಕೊಂಡು ಕೂತಿದ್ದಳು. ಓಣಿಗೇ ಹಿರಿಯನಾದ ಕರ್ತೊ ತಾತ ಮಾತು ತೆಗೆದ.

"ನೋಡಮ್ಮಾ ವಿನಾರ್ಸಿ. ತಾಯಿ ಹತ್ರ ಇಲ್ದ ಮಗು. ಅದಕ್ಕಿರೋದು ಅದೊಂದು ಸಂತೋಷ, ಅದನ್ನೂ ಕಿತ್ಕೊಳ್ತೀಯಾ? ನಮ್ಮೂರಲ್ಲಿ ಹಾಗೆ ನಡ್ಕೊಂಡು ಬಂದಿಲ್ಲ."

"ನಿಮ್ಮ ಕಾಲದಲ್ಲಿ ವೈಫೈ ಇತ್ತಾ ತಾತ, ನಡ್ಕೊಂಡು ಬರೋಕೆ?"

ಹೆಂಗಸರು ಸೆರಗಿನಲ್ಲಿ ನಕ್ಕರು. ತಾತ ಜಗ್ಗಲಿಲ್ಲ. "ವೈಫೈ ಇರ್ಲಿಲ್ಲ, ಕರುಣೆ ಇತ್ತು."

"ಆ ಕರುಣೆಯಿಂದಲೇ ಅವನು ಲಾರಿ ಕೆಳಗೆ ಹೋಗ್ತಿದ್ದ. ತಾತ, ಇಲ್ಲಿ ನಾನು ನೋಡ್ಕೊಳ್ಳೋ ಮನೇಲಿ ಇಬ್ಬರು ಮಕ್ಕಳಿದ್ದಾರೆ. ಹೊತ್ತಾಯ್ತು ಅಂದ್ರೆ ಅವರ ನೆಟ್ ತಾನಾಗೇ ನಿಲ್ಲುತ್ತೆ. ಅಳ್ತಾವೆ, ಒದೀತಾವೆ, ನನ್ನ ಕೈ ಕಚ್ತಾವೆ. ಅಯ್ಯೋ, ಇವರೆಂಥ ಕಲ್ಲು ಮನಸ್ಸಿನ ಜನ ಅಂತ ಮೊದಮೊದಲು ನಾನೂ ಅಂದ್ಕೊಂಡಿದ್ದೆ. ಪಕ್ಕದಲ್ಲಿ ಕೂತು ಏನಾದ್ರೂ ಕತೆ ಹೇಳ್ತೀನಿ, ಕೇಳ್ತಾ ಕೇಳ್ತಾ ಮಲಗ್ತಾವೆ. ಬೆಳಿಗ್ಗೆ ಎದ್ದು ನಗ್ತಾವೆ. ಆ ಮಕ್ಕಳಿಗೆ ಸಾಕು ಅನ್ನೋಕೆ ನನಗೆ ಸಂಬಳ ಕೊಡ್ತಾರೆ. ನನ್ನ ಮಗನಿಗೆ ಸಾಕು ಅನ್ನೋಕೆ ಊರಲ್ಲಿ ಒಬ್ಬರಿಗೂ ಬಾಯಿಲ್ಲ. ಇದರಲ್ಲಿ ಪಾಪ ಯಾರು, ನೀವೇ ಹೇಳಿ."

"ಅವನು ನಿನ್ನ ಮರೀತಾನೆ ಕಣೇ," ಎಂದಳು ಪನಿಯೆಮಜ್ಜಿ. ಸಭೆಯಲ್ಲಿ ಅವಳು ಆಡಿದ ಮೊದಲ ಮಾತು ಅದು. "ದಿನಾ ಅವನ ಮುಖ ನೋಡ್ತಿದ್ದೆ ನೀನು. ಈಗ ವಾರಕ್ಕೊಂದ್ಸಲ."

"ಗೊತ್ತಮ್ಮಾ. ಗೊತ್ತಿದ್ದೇ ಮುಚ್ಚಿದ್ದು." ವಿನಾರ್ಸಿಯ ದನಿ ಮೊದಲ ಬಾರಿ ತಗ್ಗಿತು. "ದಿನಾ ನಾನು ಅವನ ಮುಖ ನೋಡ್ತಿದ್ದೆ. ಅವನು ನನ್ನ ನೋಡ್ತಿರ್ಲಿಲ್ಲ. ಮೂಲೇಲಿ ಚೀಟಿ ಥರ ಇರೋದು ನನಗೆ ಬೇಡ. ವಾರಕ್ಕೊಂದ್ಸಲ ಆದ್ರೂ ಪೂರ್ತಿ ಪರದೆ ಬೇಕು. ನೀವೆಲ್ಲ ಬೈದ್ರೂ ಸರಿ, ನಾನು ತೆರೆಯಲ್ಲ."

ಆಗ ಮುಜಿಯೊನೊ ಎದ್ದು ನಿಂತ. ಮೀಸೆ ತಿರುವಿದ. "ಅಣ್ಣ ತಮ್ಮಂದಿರೇ, ಈ ಹೆಣ್ಣುಮಗಳು ಹೇಳಿದ್ದು ಸತ್ಯ," ಎಂದು ಆತ ಮೂರು ಗಂಟೆ ಹೊತ್ತು ಮಾತಾಡಿದ. ಕಲ್ಲುಗಳು ಕರಗಿ ಚಹಾಕ್ಕೆ ಸಕ್ಕರೆಯಾದವು. ಕರ್ತೊ ತಾತ ಅವನ ಕಾಲು ಹಿಡಿದ. ಅಂದೇ ಊರಿನ ಎಲ್ಲ ಮನೆಗಳಲ್ಲೂ ಮಗ್ರಿಬಿಗೆ ಮಕ್ಕಳ ನೆಟ್ ನಿಲ್ಲಬೇಕೆಂದು ಮುಖಂಡ ಡಂಗುರ ಸಾರಿಸಿದ, ಮುಂದೆ ಅದು ಇಡೀ ಜಾವಾಕ್ಕೆ ಹಬ್ಬಿತು. ಆ ವರ್ಷದ ಹಬ್ಬಕ್ಕೆ ವಿನಾರ್ಸಿ ವಿಮಾನದಲ್ಲಿ ಬಂದಳು. ವಿಮಾನ ನಿಲ್ದಾಣದವರೆಗೆ ಹೋಗದೆ ನೇರ ನಮ್ಮ ಗದ್ದೆಯಲ್ಲೇ ಇಳಿಯಿತು. ರೆಸ್ತು ಓಡಿಹೋಗಿ ತಾಯಿಯ ಕೊರಳಿಗೆ...

"ಯಾವ ಗದ್ದೆ?"

ಕಾಫಿ ಅಂಗಡಿಯಲ್ಲಿ ಈ ಕತೆ ಇಲ್ಲಿಗೆ ಬಂದಾಗ ಹಿಂದಿನಿಂದ ಕೇಳಿದ ದನಿ ಇದು. ತಿರುಗಿದರೆ ಪನಿಯೆಮಜ್ಜಿ, ಬಗಲಲ್ಲಿ ಸೋಯಾ ಟೆಂಪೆಯ ಪೊಟ್ಟಣ. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಹೇಳೋ ಮುಜಿಯೊನೊ. ವಿಮಾನ ಯಾರ ಗದ್ದೇಲಿ ಇಳೀತು? ಬತ್ತ ತುಳಿದಿದ್ರೆ ನಾನು ಪರಿಹಾರ ಕೇಳ್ಬೇಕು."

ಬೆಂಚಿನ ಮೇಲಿದ್ದವರೆಲ್ಲ ಲೋಟ ಕೆಳಗಿಟ್ಟು ಇತ್ತ ನೋಡಿದರು. ಹೌದು, ಆ ಮುಜಿಯೊನೊ ನಾನೇ. ಕತೆ ಹೇಳುವವನು ತನ್ನ ಮೀಸೆಯನ್ನು ತಾನೇ ಹೊಗಳಿಕೊಳ್ಳಬಾರದೆಂದು ಎಲ್ಲೂ ಕಾನೂನಿಲ್ಲ.

"ನೀನು ಎದ್ದು ನಿಂತಿದ್ದು ಯಾವಾಗಪ್ಪ?" ಅಜ್ಜಿ ಬಿಡಲಿಲ್ಲ. "ಚಾಪೆ ಮೇಲೆ ಕೂತು, ನನ್ನ ಹಕ್ಕಿ ಪಾಠ ನಿಂತೋಯ್ತು, ಪಂದ್ಯ ಹತ್ರ ಬಂತು ಅಂತ ಅಳ್ತಿದ್ದವನು ನೀನಲ್ವಾ?"

"ಅಕ್ಕಾ, ಜನದ ಎದುರಿಗೆ..."

"ಜನದ ಎದುರಿಗೇ ಸುಳ್ಳು ಹೇಳಿದ್ದು. ಜನದ ಎದುರಿಗೇ ನಿಜ ಹೇಳು."

ಸರಿ, ನಿಜ ಹೀಗಿದೆ. ವಿನಾರ್ಸಿ ಮಾತು ಮುಗಿಸಿದಾಗ ಎದ್ದು ನಿಂತವಳು ಈ ಅಜ್ಜಿ, ನನ್ನ ಪಾಲಿನ ಪನಿಯೆಮಕ್ಕ. ಊದಿದ ಮಂಡಿಗೆ ಕೈಯೂರಿ ಎದ್ದಳು. "ಮುಚ್ಚಿರ್ಲಿ," ಎಂದಳು. "ನೆಟ್ ಕಡೀತು ಅಂತ ಮಗಳಿಗೆ ಸುಳ್ಳು ಹೇಳಿದವಳು ನಾನು. ಇನ್ಮೇಲೆ ಸುಳ್ಳು ಹೇಳಲ್ಲ. ನೆಟ್ ಬೇಕಾದವರು ಹಗಲು ಬನ್ನಿ." ಅಷ್ಟೇ. ಕರ್ತೊ ತಾತ ಯಾರ ಕಾಲೂ ಹಿಡಿಯಲಿಲ್ಲ, ಚಪ್ಪಲಿ ಮೆಟ್ಟಿ ಹೊರಟುಹೋದ. ಓಣಿಯ ಅರ್ಧ ಜನ ಅವಳೊಡನೆ ಬಹಳ ದಿನ ಮಾತು ಬಿಟ್ಟರು, ಅವರಲ್ಲಿ ನಾನೂ ಒಬ್ಬ. ಡಂಗುರ ಗಿಂಗುರ ಏನೂ ಇಲ್ಲ. ಮಕ್ಕಳಿಗೆ ಹೊತ್ತು ಗೊತ್ತುಮಾಡಿದ ಮನೆಗಳು ಇವತ್ತಿಗೆ ಪನಿಯೆಮಕ್ಕನದು ಬಿಟ್ಟರೆ ಇನ್ನೆರಡು. ಎರಡೂ ತಾಯಂದಿರು ತೈವಾನಿನಲ್ಲಿರುವ ಮನೆಗಳು.

"ವಿಮಾನ?" ಎಂದ ಕಾಫಿ ಅಂಗಡಿಯವನು.

ವಿಮಾನವೂ ಇಲ್ಲ. ವಿನಾರ್ಸಿ ಬಂದಿಲ್ಲ. ಹಾಂಕಾಂಗಿನ ಮನೆಯವರು ಇನ್ನಷ್ಟು ಕಾಲ ಇರು ಎಂದರು, ಇಲ್ಲಿ ಮಗನ ಓದಿಗೂ ತಾಯಿಯ ಮಂಡಿಗೂ ದುಡ್ಡು ಬೇಕು; ಇರುತ್ತೇನೆಂದು ಒಪ್ಪಿದಳು.

"ಮತ್ತೆ ನೀನು ಪಂಜರಕ್ಕೆ ಬಂದ ಭಾನುವಾರ ಏನಾಯ್ತು, ಅದನ್ನ ಹೇಳು," ಎಂದಳು ಪನಿಯೆಮಕ್ಕ. ಅವಳ ದನಿಯಲ್ಲಿ ಈಗ ಕೀಟಲೆ ಇರಲಿಲ್ಲ. "ಅದಕ್ಕೆ ಬಣ್ಣ ಹಚ್ಬೇಡ."

ಹಚ್ಚುವುದಿಲ್ಲ. ಸಭೆ ಮುಗಿದು ಕೆಲವು ವಾರಗಳಾಗಿದ್ದವು. ಪಂಜರ ತೆಗೆದುಕೊಂಡು ಹೋಗಲೆಂದು ನಾನು ಜಗಲಿಗೆ ಬಂದಿದ್ದೆ. ರೆಸ್ತು ಅಜ್ಜಿಯ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ, ಪರದೆಯ ತುಂಬ ಅವನ ತಾಯಿ. ಅವಳು ಊಟ ಆಯ್ತಾ ಎಂದು ಕೇಳಿದಳು. ಗುಜ್ಜೆ ಪಲ್ಯ ಎಂದ. ಶಾಲೆಯ ವಿಷಯ ಕೇಳಿದಳು, ಹೇಳಿದ. ಆಮೇಲೆ ಅವನು ಅವಳ ಮುಖವನ್ನೇ ನೋಡಿದ.

"ಅಮ್ಮಾ, ನೀನು ಯಾಕೆ ಬರ್ತಿಲ್ಲ?"

ಅವಳು ಹೋದಾಗಿನಿಂದ ಆ ಮಗು ಅದನ್ನು ಒಮ್ಮೆಯೂ ಕೇಳಿರಲಿಲ್ಲ. ಕೇಳುವ ಹೊತ್ತೆಲ್ಲ ನಾವು ಅವನ ಕೈಗೆ ಏನಾದರೊಂದು ಕೊಡುತ್ತಿದ್ದೆವು. ವಿನಾರ್ಸಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ಅವನು ಕರೆ ಕಡಿಯಲಿಲ್ಲ, ಕಣ್ಣು ತೆಗೆಯಲಿಲ್ಲ. ಅವಳು ಮಾತಾಡುವವರೆಗೆ ಕಾದ.

ಅವಳು ಏನು ಹೇಳಿದಳೆಂದು ನನಗೆ ಗೊತ್ತಿಲ್ಲ. ಅಲ್ಲಿ ನಿಲ್ಲಲಾಗದೆ ಪಂಜರ ಎತ್ತಿಕೊಂಡು ಹೊರಟುಬಿಟ್ಟೆ. ಮುಂದಿನ ಭಾನುವಾರವೂ ಅವನು ಅದನ್ನೇ ಕೇಳಿದನಂತೆ. ಅದರ ಮುಂದಿನದೂ.